ಸಾಧ್ಯವೇ ಇಲ್ಲ ಎಂದು ಬರೆದಿದ್ದ ಸಾಲು

“ಕಣ್ಮುಂದ ಆಗೈತಿ, ಆಗಾಕ ಸಾಧ್ಯನ ಇಲ್ಲ ಅಂತೈತಿ! ಮುಂದೇನು ಮಾಡಬೇಕಂತ ಹೇಳಾಕ ಇದನ್ನ ಬರೆದಾವಗ ಏನು ಧಾಡಿ?”

ಆದವಾನಿಯ ರಿಪೇರಿ ಅಂಗಡಿಯ ರಂಗಮ್ಮ ಲ್ಯಾಪ್‌ಟಾಪಿಗೆ ಬೈಯುತ್ತಿದ್ದರು. ಹತ್ತಿ ಮಿಲ್ಲಿನ ಯಂತ್ರದ ಚಿಪ್ಪಿಗೆ ಹೊಸದಾಗಿ ಪ್ರೋಗ್ರಾಂ ತುಂಬಬೇಕಿತ್ತು. ಮಿಲ್ಲು ಬೆಳಗಿನಿಂದ ನಿಂತಿತ್ತು. ಇನ್ವರ್ಟರ್ ಕೊಡಲು ಹೋದ ನಾನು ಬಗ್ಗಿ ನೋಡಿದರೆ, ಅದು ನಾನೇ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದ ಸಾಫ್ಟ್‌ವೇರ್! ದೋಷ ಬಂದಾಗ ಪರದೆಯ ಮೇಲೆ ಮೂಡುವ ‘ಹೀಗಾಗಲು ಸಾಧ್ಯವೇ ಇಲ್ಲ’ ಎಂಬ ಸಾಲನ್ನೂ, ಯಾರಿಗೆ ಕಾಣಿಸೀತು ಎಂಬ ಉಡಾಫೆಯಲ್ಲಿ ನಾನೇ ಬರೆದಿದ್ದೆ.

ಬರೆದವನು ನಾನೇ ಎಂದು ಬಾಯಿ ಬಿಡದೆ ಪಕ್ಕದಲ್ಲಿ ಕೂತು ತಪ್ಪು ಹುಡುಕಿ ಸರಿಪಡಿಸಿದೆ. “ಆ ಬರೆದಾವಗಿಂತ ನೀವು ಎಷ್ಟೋ ಚಲೋರಿ” ಎಂದರು.

ಹನ್ನೆರಡು ವರ್ಷ ಪುಕ್ಕಟೆ ದುಡಿದರೂ ಒಬ್ಬರೂ ಹೊಗಳಲಿಲ್ಲವೆಂದು ಗೊಣಗುತ್ತಿದ್ದೆ. ಕೊನೆಗೊಮ್ಮೆ ಹೊಗಳಿದವರೂ ನನ್ನನ್ನೇ ಬೈದು ಹೊಗಳಿದರು.