ಬೇಡ ಅಂತಲ್ಲ, ಈಗ ಬೇಡ

ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ನನಗೆ ಇಂಗ್ಲಿಷ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಭಾಷೆಯಲ್ಲಿ ಅರ್ಧ ‘ಬೇಡ’ ಹೇಳುವುದು ಹೇಗೆ ಅನ್ನುವುದೊಂದು ಮಾತ್ರ ಗೊತ್ತು. ಅದನ್ನೂ ನಾನು ಕಲಿಯಬೇಕೆಂದು ಕಲಿತದ್ದಲ್ಲ. ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ ಕೂತಿದ್ದಾಗ ಕಿವಿಗೆ ಬಿದ್ದದ್ದು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಗೌರಿಬಿದನೂರು ಕಡೆಯಿಂದ ಶಿಡ್ಲಘಟ್ಟದ ಹತ್ತಿರದ ಹಳ್ಳಿಗೆ ನನ್ನನ್ನು ಕೊಟ್ಟಿದ್ದರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ನನ್ನ ಗಂಡ, ನಾದಿನಿ, ನಾನು, ಮತ್ತೆ ರೇಷ್ಮೆ ಹುಳ. ಹುಳಕ್ಕೆ ನಡುಮನೆ, ನಮಗೆ ಉಳಿದ ಜಾಗ.

ನಾದಿನಿ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾಗಿ ಮನೆಯಲ್ಲಿ ಕೂತಿದ್ದಳು. ಇನ್ನೊಂದು ಸಲ ಕಟ್ಟಿ ಪಾಸು ಮಾಡಿಕೊಂಡರೆ ಮೇಷ್ಟ್ರ ಕೆಲಸದ ಟ್ರೈನಿಂಗಿಗೆ ಹೋಗಬೇಕೆಂದು ಅವಳ ಆಸೆ. ಪಾಸಾಗದಿದ್ದರೆ ಅವಳು ಹೋಗುವ ಮನೆ ಯಾವುದೆಂದು ಆಗಲೇ ಗೊತ್ತಿತ್ತು. ಮಾವನಿಗೆ ಒಬ್ಬರು ಅಕ್ಕ, ಚಿಂತಾಮಣಿ ಆಚೆ ಅಂಬಾಜಿದುರ್ಗದ ಕಡೆಯವರು. ಅವರಿಗೊಬ್ಬ ಮಗ. ನಮ್ಮಲ್ಲಿ ಅಕ್ಕ ತನ್ನ ಮಗನಿಗೆ ತಮ್ಮನ ಮಗಳನ್ನು ಕೇಳಿದರೆ ಅದು ಕೇಳುವುದಲ್ಲ, ಹಕ್ಕು. ‘ಇಲ್ಲ’ ಅಂದರೆ ಆ ಅಕ್ಕ ಮತ್ತೆ ಆ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ಮಾವನಿಗೆ ಒಡಹುಟ್ಟಿದವರು ಅಂತ ಉಳಿದಿದ್ದದ್ದು ಅವರೊಬ್ಬರೇ.

ಹುಡುಗ ಕೆಟ್ಟವನೇನಲ್ಲ. ಹೊಲ ತೋಟ ನೋಡಿಕೊಂಡು ತಣ್ಣಗಿದ್ದವನು. ನಾದಿನಿಗೆ ಅವನ ಮೇಲೆ ದೂರೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

“ಅತ್ತಿಗೆ, ಇದೊಂದು ಸಲ ಬರೀತೀನಿ. ಫೇಲಾದ್ರೆ ಬಾಯಿ ಮುಚ್ಕೊಂಡು ಅತ್ತೆ ಮನೆಗೆ ಹೋಗ್ತೀನಿ,” ಅಂದಳು.

“ಬಾಯಿ ಮುಚ್ಕೊಂಡು ನೀನು ಎಲ್ಲಿಗೆ ಹೋಗಿದೀಯೇ? ಓದ್ಕೋ ಹೋಗು. ಸೊಪ್ಪು ನಾನು ಹಾಕ್ತೀನಿ,” ಅಂದೆ. ಅವಳ ಮೇಲೆ ಕರುಣೆ ಉಕ್ಕಿ ಅಂದದ್ದಲ್ಲ. ಅವಳು ಸೊಪ್ಪು ಹಾಕಿದರೆ ಹುಳದ ಒಂದು ತಟ್ಟೆಗೆ ರಾಶಿ, ಇನ್ನೊಂದಕ್ಕೆ ಉಪವಾಸ. ಅದಕ್ಕಿಂತ ಓದುವುದೇ ಮೇಲು.

ಶಿಡ್ಲಘಟ್ಟದಿಂದ ಒಬ್ಬರು ಮೇಷ್ಟ್ರು ಸಾಯಂಕಾಲ ಸೈಕಲ್ಲಿನಲ್ಲಿ ಬಂದು ಪಾಠ ಹೇಳುತ್ತಿದ್ದರು. ಅವರಿಗೆ ನಶ್ಯದ ಚಟ. ಹೊಗೆಸೊಪ್ಪು ಮುಟ್ಟಿದ ಕೈ ಹುಳಕ್ಕೆ ವಿಷ. ಹಾಗಾಗಿ ಮೇಷ್ಟ್ರು ಜಗಲಿ ದಾಟಿ ಒಳಗೆ ಬರುವಂತಿರಲಿಲ್ಲ. ಅವರು ಜಗಲಿಯಲ್ಲಿ, ನಾದಿನಿ ಹೊಸಿಲ ಪಕ್ಕದಲ್ಲಿ, ನಾನು ಒಳಗೆ ಈಳಿಗೆ ಮಣೆಯ ಮುಂದೆ.

ನಾದಿನಿ ತಪ್ಪು ಮಾಡುತ್ತಿದ್ದದ್ದು ಒಂದೇ ಕಡೆ. ನಾವು ಎಲ್ಲ ಹೇಳಿ ಮುಗಿಸಿ ಕೊನೆಗೆ ‘ಅಲ್ಲ’ ಅನ್ನುತ್ತೇವೆ. ಇವತ್ತಲ್ಲ, ಇಲ್ಲಲ್ಲ, ಯಾವಾಗಲೂ ಅಲ್ಲ. ಅವಳು ಅದನ್ನೇ ಇಂಗ್ಲಿಷಿಗೂ ಎಳೆದುಕೊಂಡು ಹೋಗಿ “ಐ ವಿಲ್ ಕಮ್, ಬಟ್ ಟುಡೇ ನಾಟ್” ಅನ್ನುವಳು.

“ತಾಯೀ, ಬಾಲ ಹಿಡ್ಕೊಂಡು ಎತ್ತು ಓಡಿಸ್ತೀಯಲ್ಲ,” ಅಂತ ಮೇಷ್ಟ್ರು. “ಬಟ್ ಆದ ತಕ್ಷಣ ನಾಟ್. ಆಮೇಲೆ ಯಾವಾಗ, ಎಲ್ಲಿ, ಹೇಗೆ ಅನ್ನೋದು. ಬಟ್ ನಾಟ್ ಟುಡೇ. ಅಷ್ಟೇ, ನಿಲ್ಸು. ಬರೋದಿಲ್ಲ ಅಂತ ಮತ್ತೆ ಹೇಳ್ಬೇಡ.”

ಆಮೇಲೆ ಒಂದರ ಹಿಂದೆ ಒಂದು. ಸಿಟ್ ದೇರ್ ಅಂಡ್ ನಾಟ್ ಹಿಯರ್. ದಿ ಬಸ್ ಕಮ್ಸ್, ದೋ ನಾಟ್ ಆಲ್ವೇಸ್ ಆನ್ ಟೈಮ್. ಇಫ್ ನಾಟ್ ಟುಡೇ, ದೆನ್ ಟುಮಾರೋ. ಮೇಷ್ಟ್ರು ಒಂದೊಂದಕ್ಕೂ ಕನ್ನಡದಲ್ಲಿ ಅರ್ಥ ಬಿಡಿಸುವರು. ನಾನು ಸೊಪ್ಪು ಹೆಚ್ಚುತ್ತಾ ಯೋಚಿಸಿದೆ: ಈ ಬಿಳಿಯರು ಬೇಡ ಅನ್ನುವುದಕ್ಕೂ ಬೇಲಿ ಹಾಕುತ್ತಾರಲ್ಲ. ಬರುತ್ತೇನೆ ಅನ್ನುವುದು ನಿಂತೇ ಇರುತ್ತದೆ. ಇವತ್ತು ಅನ್ನುವುದನ್ನು ಮಾತ್ರ ಅದರಿಂದ ಕಳೆದು ಆಚೆ ಇಡುತ್ತಾರೆ.

ನಮ್ಮ ಮನೆಯಲ್ಲಿ ಇಂಥದ್ದು ನಡೆಯುತ್ತಿರಲಿಲ್ಲ. ಅಕ್ಕಿ ಮುಗಿದರೆ ಕೂಡ ‘ಇಲ್ಲ’ ಅನ್ನಬಾರದು, ‘ಹೆಚ್ಚಿದೆ’ ಅನ್ನಬೇಕು. ಮಾವ ಯಾರಿಗೂ ಯಾವುದಕ್ಕೂ ಇಲ್ಲ ಅಂದವರಲ್ಲ. ಅವರದ್ದು ಒಂದೇ ಮಾತು, “ನೋಡಾಣ.” ಮನೆಯವರಿಗೆ ಗೊತ್ತು, ನೋಡಾಣ ಅಂದರೆ ಆಗುವುದಿಲ್ಲ ಅಂತ. ಅಕ್ಕ ಯುಗಾದಿಗೆ ಬಂದವರು ಮಗಳನ್ನು ಕೇಳಿದಾಗಲೂ ಅದನ್ನೇ ಅಂದಿದ್ದರು. ಆಕೆ ಮದುವೆಯಾಗಿ ಹೋಗಿ ಎಷ್ಟೋ ಕಾಲವಾಗಿತ್ತು. ಆ ಊರಲ್ಲಿ ನೋಡಾಣ ಅಂದರೆ ಒಪ್ಪಿದ ಹಾಗೆ.

ಪರೀಕ್ಷೆ ಹತ್ತಿರ ಬಂತು. ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ, ಕಳಚಿ ಎದ್ದು ಹಗಲೂ ರಾತ್ರಿ ಮೇಯುತ್ತಿದ್ದವು. ಒಂದು ಬೆಳಿಗ್ಗೆ ನಾನು ಜಗಲಿ ಸಾರಿಸುತ್ತಿದ್ದೆ. ಮಾವನ ಅಕ್ಕ ಬಸ್ಸಿಳಿದು ನಡೆದು ಬಂದರು. ಕೈಯಲ್ಲಿ ಹಿತ್ತಾಳೆ ತಟ್ಟೆ, ಅದರಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣ. ಬಾಯಲ್ಲಿ ಹೊಗೆಸೊಪ್ಪು. ಆ ತಟ್ಟೆಯನ್ನು ಮಾವ ಕೈಯಲ್ಲಿ ತೆಗೆದುಕೊಂಡರೆ ಹುಡುಗಿಯನ್ನು ಕೊಟ್ಟಂತೆ. ತೆಗೆದುಕೊಳ್ಳದಿದ್ದರೆ ಅಕ್ಕನನ್ನು ಬಿಟ್ಟಂತೆ.

ಮಾವ ಬಾಗಿಲಿಗೆ ಬಂದು ತಟ್ಟೆ ನೋಡಿ ಅಲ್ಲೇ ನಿಂತುಬಿಟ್ಟರು. ಅವರ ಬಾಯಿಂದ ನೋಡಾಣ ಕೂಡ ಹೊರಡಲಿಲ್ಲ. ನಾದಿನಿ ಒಳಗೆ ಓದುತ್ತಿದ್ದ ಸದ್ದು ನಿಂತಿತು.

ನಾನು ಸಾರಿಸುವ ಕೈಯಲ್ಲೇ ಎದ್ದು ಅಡ್ಡ ನಿಂತೆ.

“ಬನ್ನಿ ದೊಡ್ಡಮ್ಮ, ಕೂತ್ಕಳಿ. ತಟ್ಟೆ ಒಳಕ್ಕೆ ಬೇಡ.”

“ಏಮಮ್ಮಾ, ನನ್ ತಮ್ಮನ ಮನೆಗೆ ನಾನು ತಂದ ತಾಂಬೂಲಕ್ಕೆ ನಿನ್ ಅಪ್ಪಣೆ ಬೇಕಾ?” ಅಂದರು, ತಮ್ಮೂರಿನ ತೆಲುಗು ಬೆರೆಸಿ.

“ನನ್ದಲ್ಲ, ಹುಳದ್ದು. ಹೊಗೆಸೊಪ್ಪು ಮುಟ್ಟಿದ ಕೈಲಿ ಹಿಡ್ದಿದೀರಿ. ಮೇಷ್ಟ್ರನ್ನೇ ಒಳಗೆ ಬಿಟ್ಟಿಲ್ಲ ನಾವು.”

“ಹುಳಕ್ಕಿರೋ ಮರ್ಯಾದೆ ನಂಗಿಲ್ಲ ಅನ್ನು.” ಆಕೆ ತಟ್ಟೆ ಇಳಿಸಲಿಲ್ಲ. “ಸುತ್ತಿ ಬಳಸಿ ಬೇಡ ಅಂತಿದೀಯ. ಅದನ್ನೇ ನೆಟ್ಟಗೆ ಹೇಳು.”

“ಬೇಡ ಅಂತಲ್ಲ ದೊಡ್ಡಮ್ಮ. ಈಗ ಬೇಡ. ಹುಡುಗಿ ಪರೀಕ್ಷೆ ಬರೆಯೋಕೆ ಮುಂಚೆ ಬೇಡ.”

ಆಕೆ ನನ್ನನ್ನು ಬಿಟ್ಟು ತಮ್ಮನ ಕಡೆ ತಿರುಗಿದರು. “ಏನೋ, ಸೊಸೆ ಕೈಲಿ ಮಾತಾಡಿಸ್ತೀಯಾ? ನಿಂಗೆ ನಾಲಗೆ ಇಲ್ವಾ?”

ಮಾವ ಹೊಸಿಲು ದಾಟಿ ಜಗಲಿಗೆ ಬಂದರು. ಅಷ್ಟು ದಿನಕ್ಕೆ ಅವರು ನೋಡಾಣ ಬಿಟ್ಟು ಬೇರೆ ಮಾತಾಡಿದ್ದನ್ನು ಆವತ್ತೇ ಕೇಳಿದ್ದು.

“ಅಕ್ಕಾ, ಅವಳು ಇನ್ನೊಂದು ಸಲ ಬರೀಲಿ. ಪಾಸಾದ್ರೆ ಟ್ರೈನಿಂಗಿಗೆ ಕಳಿಸ್ತೀನಿ, ಅದಕ್ಕೆ ನೀನು ಅಡ್ಡ ಬರಬೇಡ. ಆಗ್ಲಿಲ್ಲಾ ಅಂದ್ರೆ ತಾಂಬೂಲ ತಗೊಂಡು ನಾನೇ ನಿನ್ ಮನೆ ಬಾಗ್ಲಿಗೆ ಬರ್ತೀನಿ. ನೀನು ಬರೋದು ಬೇಡ.”

ಅಕ್ಕ ತಟ್ಟೆಯನ್ನು ಜಗಲಿಯ ಅಂಚಿಗಿಟ್ಟರು. ಆಮೇಲೆ ಅಂಗಳಕ್ಕೆ ಹೋಗಿ ಬಾಯಲ್ಲಿದ್ದದ್ದನ್ನು ಉಗಿದು ಬಂದರು. “ಸರೇಲೇ. ಒಂದು ಲೋಟ ಮಜ್ಜಿಗೆ ಆದ್ರೂ ಕೊಡ್ತೀರೋ, ಅದಕ್ಕೂ ಹುಳದ ಅಪ್ಪಣೆ ಬೇಕೋ?”

ಮಜ್ಜಿಗೆ ಕೇಳಿದರು ಅಂದರೆ ನೀರು ಬಿಡಲಿಲ್ಲ ಅಂತ ಅರ್ಥ. ಕುಡಿದು, ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟರು. ಮಾವ ಬಸ್ಸಿನವರೆಗೂ ಹೋಗಿ ಹತ್ತಿಸಿ ಬಂದರು.

ನಾದಿನಿ ಚಿಕ್ಕಬಳ್ಳಾಪುರದಲ್ಲಿ ಪರೀಕ್ಷೆ ಬರೆದಳು. ಬಂದವಳನ್ನು ಹೇಗಾಯಿತೇ ಎಂದು ಕೇಳಿದರೆ, “ಚೆನ್ನಾಗಾಯ್ತು ಅಂತ ಹೇಳಕಾಗಲ್ಲ ಅತ್ತಿಗೆ,” ಅಂದು ಹೋಗಿ ಮಲಗಿದಳು. ಅಲ್ಲಿಂದ ಮುಂದಿನ ದಿನಗಳು ಯಾರಿಗೂ ಬೇಡ. ಹುಳ ಹಣ್ಣಾದವು, ಗೂಡು ಕಟ್ಟಲೆಂದು ಬಿದಿರಿನ ಚಂದ್ರಂಕಿಗೆ ಬಿಟ್ಟೆವು, ಗೂಡು ಬಿಡಿಸಿದೆವು. ಕೆಲಸ ಇದ್ದದ್ದರಿಂದ ಬದುಕಿದೆವು. ಮಾವ ಮಾತ್ರ ಊಟಕ್ಕೆ ಕೂತು ಮುದ್ದೆಯನ್ನು ಮುರಿದು ಮುರಿದು ಇಡುತ್ತಿದ್ದರು. ಮಗಳು ಫೇಲಾದರೆ ತಾನೇ ಹೊರಡಬೇಕಲ್ಲ, ಮಾತು ಕೊಟ್ಟಾಗಿದೆ.

ಫಲಿತಾಂಶ ಬಂದ ದಿನ ನನ್ನ ಗಂಡ ಶಿಡ್ಲಘಟ್ಟಕ್ಕೆ ಪೇಪರು ತರಲು ಹೋದರು. ಅವರು ಖುಷಿಯನ್ನೂ ದುಃಖವನ್ನೂ ಒಂದೇ ಮುಖದಲ್ಲಿ ತರುವ ಮನುಷ್ಯ. ಸೈಕಲ್ಲು ಗೋಡೆಗೆ ಒರಗಿಸಿ, ಕಾಲು ತೊಳೆದು, ಟವೆಲ್ಲಿನಲ್ಲಿ ಒರೆಸಿಕೊಂಡು, ಆಮೇಲೆ “ನಂಬರು ಇದೆ” ಅಂದರು. ನಾದಿನಿ ಅವರ ಕೈಯಿಂದ ಪೇಪರು ಕಿತ್ತುಕೊಂಡು ತಾನೇ ನೋಡಿದಳು. ಕಾಲು ಮೊದಲು ತೊಳೆಯಬೇಕಿತ್ತಾ ಎಂದು ನಾನು ಬೈದೆ.

ಮಾವ ಹಿತ್ತಲಿಗೆ ಹೋದರು. ಅವರಿಗೆ ಒಂದು ಭಯ ಹೋಯಿತು, ಇನ್ನೊಂದು ಉಳಿಯಿತು. ಅಕ್ಕ ಏನನ್ನುತ್ತಾರೋ ಎಂಬುದು.

ಅದೂ ಬಹಳ ದಿನ ಉಳಿಯಲಿಲ್ಲ. ಸಂಕ್ರಾಂತಿ ಕಳೆದು ಆಕೆಯೇ ಬಂದರು, ಮಗನ ಮದುವೆಗೆ ಕರೆಯಲು. ಆಕೆಯ ಮೈದುನನ ಕಡೆಯಿಂದ ಒಂದು ಹುಡುಗಿ ಒದಗಿತ್ತಂತೆ. ನಾದಿನಿಯ ಕೆನ್ನೆ ತಿವಿದು, “ಪಾಸಾದ್ಯಂತೆ ಕಣಮ್ಮಾ. ಒಳ್ಳೇದಾಯ್ತು ಬಿಡು. ನನ್ ಮಗನಿಗೆ ಪಾಠ ಹೇಳೋ ಹೆಂಡ್ತಿ ಬಂದಿದ್ರೆ ಅವನು ಇನ್ನೊಂದ್ ಸಲ ಫೇಲಾಗ್ತಿದ್ದ,” ಅಂದರು. ಅವನು ಕೂಡ ಎಸ್ಸೆಸ್ಸೆಲ್ಸಿ ದಾಟಿರಲಿಲ್ಲವೆಂದು ನಮಗೆ ಗೊತ್ತಾದದ್ದು ಆಗಲೇ.

ಆವತ್ತು ಅಕ್ಕ ತಮ್ಮ ಒಟ್ಟಿಗೆ ಊಟಕ್ಕೆ ಕೂತರು. ಮಾವ ಇನ್ನೊಂದು ಮುದ್ದೆ ಹಾಕಿಸಿಕೊಂಡು, ಕೈ ತೊಳೆದವರೇ ಜಗಲಿಯ ಮೇಲೆ ಉರುಳಿ, ಬಿಸಿಲು ಕಾಲಿನ ಮೇಲೆ ಬಂದರೂ ಏಳದೆ ಗೊರಕೆ ಹೊಡೆದರು. ಅವರ ಅಕ್ಕ ಪಕ್ಕದಲ್ಲಿ ಕೂತು, ಎಬ್ಬಿಸಬೇಡ ಎಂದು ನನಗೆ ಕೈಸನ್ನೆ ಮಾಡಿದರು.