ಏರುತ್ತಲೇ ಹೋದ ಅಂಕಗಳು

ನೀಟ್ ಪರೀಕ್ಷೆಯಲ್ಲಿ ಒಮ್ಮೆ ಸೋತ ಮೇಲೆ ಅಪ್ಪ ನನ್ನನ್ನು ಚಿತ್ರದುರ್ಗದ ಒಂದು ಕೋಚಿಂಗ್ ಸೆಂಟರಿಗೆ ಸೇರಿಸಿದ. ಅಪ್ಪ ಹೊಸದುರ್ಗದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಯಾವ ಕಾಗದವನ್ನೂ ಎರಡು ಸಲ ಓದದೆ ಕೆಳಗಿಡುವವನಲ್ಲ. ಹಾಸ್ಟೆಲಿನಲ್ಲಿ ನನ್ನ ಕೋಣೆಗೆ ಬಬ್ಬೂರಿನ ಹುಡುಗಿಯೊಬ್ಬಳು ಬಂದಳು. ಪ್ರತಿ ಭಾನುವಾರ ಟೆಸ್ಟು, ಮರುದಿನ ಬೋರ್ಡಿನ ಮೇಲೆ ಅಂಕ. ಅವಳೇ ಮೊದಲು. ನಾನೂ ವಾರದಿಂದ ವಾರಕ್ಕೆ ಮೇಲೇರುತ್ತಿದ್ದೆ. ಅಂಕಗಳು ಅಪ್ಪನ ಮೊಬೈಲಿಗೂ ಹೋಗುತ್ತಿದ್ದವು. ಅವನು ಕಚೇರಿಯಲ್ಲಿ ಎಲ್ಲರಿಗೂ ತೋರಿಸುತ್ತಿದ್ದನಂತೆ.

ನನಗೆ ಮಾತ್ರ ಒಳಗೊಳಗೇ ಏನೋ ಕೊರೆಯುತ್ತಿತ್ತು. ಭೌತಶಾಸ್ತ್ರ ಮೊದಲು ಎಷ್ಟು ಅರ್ಥವಾಗುತ್ತಿತ್ತೋ ಈಗಲೂ ಅಷ್ಟೇ. ಒಂದು ಭಾನುವಾರ ಪ್ರಶ್ನೆಯನ್ನು ಪೂರ್ತಿ ಓದುವ ಮೊದಲೇ ನನ್ನ ಪೆನ್ನು ಉತ್ತರದ ಮೇಲೆ ಕೂತಿತ್ತು. ಬೆಚ್ಚಿಬಿದ್ದೆ. ಅದು ಆ ವಾರ ತರಗತಿಯಲ್ಲಿ ಕೊಟ್ಟ ಅಭ್ಯಾಸದ ಹಾಳೆಯಲ್ಲಿದ್ದ ಲೆಕ್ಕವೇ, ಒಂದಂಕಿಯೂ ಬದಲಾಗಿರಲಿಲ್ಲ. ಕೋಣೆಗೆ ಬಂದು ಕೇಳಿದರೆ ಬಬ್ಬೂರಿನವಳು ನಕ್ಕಳು. "ಹಾಳೆ ಬಾಯಿಪಾಠ ಮಾಡಿದ್ರಾಯ್ತು ಕಣೇ. ಲೆಕ್ಕ ಯಾಕೆ ಮಾಡ್ಕಂತ ಕುಂತ್ಕಂತೀಯ?"

ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಿಂದ ಹಿಂದಿನ ವರ್ಷಗಳ ನಿಜವಾದ ಪ್ರಶ್ನೆಪತ್ರಿಕೆಗಳನ್ನು ತಂದು, ಬಾಗಿಲು ಹಾಕಿಕೊಂಡು ಬರೆದೆ. ಟೆಸ್ಟಿನಲ್ಲಿ ಬರುತ್ತಿದ್ದ ಅಂಕದ ಅರ್ಧವೂ ಬರಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. "ಇಲ್ಲಿ ಏನೋ ಮೋಸ ಐತಪ್ಪ."

ಅವನು "ನಿಂಗೆ ಓದಾಕೆ ಬ್ಯಾಸರ ಬಂದೈತಾ? ಯಾರಾದ್ರೂ ಏನಾದ್ರೂ ತಲೆಗೆ ತುಂಬ್ಯಾರಾ?" ಎಂದ.

ಮರುದಿನ ತರಗತಿಗೆ ಹೊರಟರೆ ಅಪ್ಪ ಹಾಸ್ಟೆಲಿನ ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದ. ಬರುತ್ತೇನೆಂದು ಹೇಳಿರಲಿಲ್ಲ. ಹೊಳಲ್ಕೆರೆ ಮೇಲೆ ಬರುವ ಮೊದಲ ಬಸ್ಸಿಗೇ ಬಂದಿದ್ದನಂತೆ. ನನ್ನ ಮೊಬೈಲ್ ಕೈಗೆ ತೆಗೆದುಕೊಂಡು ಯಾರ್‍ಯಾರ ಫೋನ್ ಬಂದಿದೆ ಎಂದು ಬೆರಳಾಡಿಸಿ ನೋಡಿ, ತನ್ನ ಜೇಬಿಗೆ ಹಾಕಿಕೊಂಡ. ಅವಮಾನದಿಂದ ಕಣ್ಣು ತುಂಬಿತು. "ನನ್ನ ಮೇಲೆ ಅನುಮಾನಾನಾ? ಬಾ, ಸಾರನ್ನೇ ಕೇಳಾಣ" ಎಂದೆ.

ಸೆಂಟರಿನ ಮುಖ್ಯಸ್ಥರು ಗಾಬರಿಯಾಗಲಿಲ್ಲ. "ಕುಂತ್ಕಳ್ರಿ ಸಾರ್. ಪರೀಕ್ಷೆ ಹತ್ರ ಬಂದಾಗ ಹುಡುಗ್ರು ಹಿಂಗೇ ಹೆದರ್ತಾವೆ" ಎಂದು ಕಂಪ್ಯೂಟರಿನಲ್ಲಿ ನನ್ನ ಅಂಕಗಳು ಏರುತ್ತ ಹೋದ ಗೆರೆ ತೋರಿಸಿದರು. ಅಪ್ಪ ಆ ಗೆರೆಯನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದ.

ನಾನು ಅಭ್ಯಾಸದ ಹಾಳೆ ಬಿಡಿಸಿ ಹೇಳಿದೆ: "ಸಾರ್, ಇಳಿಜಾರಿನಲ್ಲಿ ಪೆಟ್ಟಿಗೆ ಜಾರೋ ಈ ಲೆಕ್ಕದಲ್ಲಿ ನಂಗೆ ಪೂರ್ತಿ ಅಂಕ ಬಂದೈತೆ. ಅದನ್ನೇ ಸ್ವಲ್ಪ ತಿರುಗಿಸಿ ಕೊಡ್ರಿ."

ಅವರು ನಗುತ್ತಲೇ, ಪೆಟ್ಟಿಗೆಯನ್ನು ಮೇಲಕ್ಕೆ ತಳ್ಳಲು ಎಷ್ಟು ಬಲ ಬೇಕು ಎಂದು ಬರೆದು ಕೊಟ್ಟರು. ನನಗೆ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೇ ಕೇಳಿದ್ದೆ. ಉತ್ತರವಿಲ್ಲದ ಹಾಳೆಯನ್ನು ಅಪ್ಪನ ಮುಂದಿಟ್ಟೆ.

"ಬೇಕಂತ್ಲೇ ಮಾಡ್ದೆ ಬಿಡ್ತಾವಳೆ ಸಾರ್" ಎಂದರು ಮುಖ್ಯಸ್ಥರು.

ಅಪ್ಪ ಆ ಹಾಳೆ ಮಡಚಿಕೊಂಡು ಎದ್ದ. ಅವರ ಮಾತನ್ನೇ ನಂಬಿದ ಎಂದುಕೊಂಡೆ. ಮೆಟ್ಟಿಲ ಮೇಲೆ ಬಬ್ಬೂರಿನವಳು ಎದುರಾದಳು. ಅಪ್ಪ ಅವಳನ್ನು ನಿಲ್ಲಿಸಿ, "ಏನವ್ವ, ನೀನೇ ಅಲ್ವಾ ಫಸ್ಟು? ಇದೊಂದು ಮಾಡ್ಕೊಡು" ಎಂದ. ಅವಳು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ನಮ್ ಹಾಳೇಲಿ ಇಲ್ವಲ್ಲ ಅಂಕಲ್."

ಅಪ್ಪ ನನ್ನ ಕಡೆ ತಿರುಗಿ, "ಬಟ್ಟೆ ಕಟ್ಕ, ಊರಿಗೆ ಹೋಗಾಣ" ಎಂದ. ಮೊಬೈಲ್ ವಾಪಸ್ ಕೊಟ್ಟ.

ಮನೆಯಲ್ಲಿ ಪಿಯುಸಿ ಪುಸ್ತಕದ ಮೊದಲ ಪಾಠದಿಂದ ಓದಲು ಶುರುಮಾಡಿದೆ. ಆ ವರ್ಷ ಸೀಟು ಸಿಗಲಿಲ್ಲ; ಮುಂದಿನ ವರ್ಷ ಆಯುರ್ವೇದಕ್ಕೆ ಸಿಕ್ಕಿತು. ಬಬ್ಬೂರಿನವಳು ಸೆಂಟರಿನಲ್ಲೇ ಉಳಿದಿದ್ದಳು. ಆ ಮೊದಲ ವರ್ಷದ ನೀಟ್ ಫಲಿತಾಂಶ ಬಂದ ದಿನ ಫೋನ್ ಮಾಡಿ, ಅಂಕ ತೀರಾ ಕಡಿಮೆ ಬಂದಿದೆ, ತನ್ನ ಉತ್ತರಗಳನ್ನು ಯಾರೋ ತಿದ್ದಿದ್ದಾರೆಂದು ಅತ್ತಳು. ಅಲ್ಲವೆಂದು ಎಷ್ಟು ಹೇಳಿದರೂ ನಂಬಲಿಲ್ಲ.