ಇಬ್ಬರು ಅಜ್ಜಿಯರ ನಡುವಿನ ರಸ್ತೆ

ದುಬೈಯಲ್ಲಿ ಇಪ್ಪತ್ತೆರಡು ವರ್ಷ ವ್ಯಾನು ಓಡಿಸಿದವನು ನಾನು. ಅಕ್ಕಿ, ಬೇಳೆ, ಉಪ್ಪಿನಕಾಯಿ ಡಬ್ಬಗಳನ್ನು ಅಂಗಡಿ ಅಂಗಡಿಗೆ ಹಾಕುವ ಕೆಲಸ. ಅಷ್ಟು ವರ್ಷಗಳಲ್ಲಿ ಅತಿವೇಗಕ್ಕೆಂದು ಒಂದು ಸಲವೂ ನನಗೆ ದಂಡ ಬೀಳಲಿಲ್ಲ. ನಮ್ಮ ಊರ ಕಡೆಯವರ ಸಂಘದಲ್ಲಿ ಇದು ದೊಡ್ಡ ಸುದ್ದಿ. ಯಾರಿಗಾದರೂ ಹೊಸದಾಗಿ ಲೈಸೆನ್ಸ್ ಸಿಕ್ಕಿದರೆ, "ಮೊದಲು ಇವರ ಕಾಲಿಗೆ ಬೀಳು ಮಾರಾಯ, ಪೊಲೀಸರು ಇವರ ಮುಖವನ್ನೇ ನೋಡಿಲ್ಲ" ಎಂದು ತಮಾಷೆ ಮಾಡುತ್ತಿದ್ದರು. ನಾನು ನಗುತ್ತಿದ್ದೆ. ಇದರ ಹಿಂದಿನ ಗುಟ್ಟು ನನ್ನ ಮನೆಯವರಿಗೆ ಮಾತ್ರ ಗೊತ್ತಿತ್ತು. ವೇಗ ಹಿಡಿಯುವ ರಸ್ತೆ ಬದಿಯ ಕ್ಯಾಮರಾ ಪೆಟ್ಟಿಗೆಗಳು ಎಲ್ಲೆಲ್ಲಿವೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಅವು ಬರುವ ಹೊತ್ತಿಗೆ ನನ್ನಷ್ಟು ಸಾಧು ಯಾರೂ ಇರುತ್ತಿರಲಿಲ್ಲ. ದಾಟಿದ ಮೇಲೆ ನಾನು ಬೇರೆಯೇ ಮನುಷ್ಯ.

ಆ ಕಾಲವನ್ನು ನೆನೆದರೆ ಈಗಲೂ ಮೊದಲು ಮೂಗಿಗೆ ಬರುವುದು ಮೀನಿನ ವಾಸನೆ. ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಒಂದು ಬೆಡ್‌ರೂಮಿನ ಮನೆಯಲ್ಲಿ ನಾನು, ಹೆಂಡತಿ, ಒಬ್ಬಳೇ ಮಗಳು. ರಜಾದಿನವಾದ ಶುಕ್ರವಾರ ಬೆಳಿಗ್ಗೆ ಕಾರಿನ ಡಿಕ್ಕಿಯಲ್ಲಿ ಐಸ್ ಪೆಟ್ಟಿಗೆ ಇಟ್ಟುಕೊಂಡು ಅಬುಧಾಬಿಯ ಅಲ್ ಮೀನಾ ಮೀನು ಮಾರುಕಟ್ಟೆಗೆ ಹೊರಡುತ್ತಿದ್ದೆವು. ದುಬೈಯಲ್ಲಿ ಬಂಗುಡೆ ಸಿಗುವುದಿಲ್ಲವೇ ಎಂದು ಹೆಂಡತಿ ಪ್ರತಿ ವಾರ ಕೇಳುತ್ತಿದ್ದಳು. ಸಿಗುತ್ತಿತ್ತು. ನನಗೆ ಬೇಕಾಗಿದ್ದದ್ದು ಶುಕ್ರವಾರದ ಖಾಲಿ ಹೆದ್ದಾರಿ.

ಮಗಳಿಗೆ ಮುಂದಿನ ಸೀಟಿನಲ್ಲಿ ಕೂರುವ ವಯಸ್ಸಾದಾಗ ಕ್ಯಾಮರಾ ಹುಡುಕುವ ಕೆಲಸ ಅವಳದಾಯಿತು. ಕ್ಯಾಮರಾಕ್ಕೆ ನಾವು ಇಟ್ಟ ಹೆಸರು ಅಜ್ಜಿ. ಊರಿನಲ್ಲಿ ನನ್ನ ತಾಯಿ ಜಗಲಿಯಲ್ಲಿ ಕೂತು ಯಾರು ಬಂದರು, ಯಾರು ಹೋದರು, ಯಾರ ಕೈಯಲ್ಲಿ ಏನಿತ್ತು ಎಂದು ಒಂದನ್ನೂ ಬಿಡದೆ ನೋಡುತ್ತಿದ್ದರು. ರಜೆಯಲ್ಲಿ ಅದನ್ನು ನೋಡಿ ಬಂದ ಮಗಳೇ ಆ ಹೆಸರಿಟ್ಟದ್ದು.

"ಪಪ್ಪಾ, ಅಜ್ಜಿ ಬಂದ್ಲು!"

ನಾನು ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದೆ. ವೇಗದ ಮುಳ್ಳು ಇಳಿಯುತ್ತಿತ್ತು. ಬೂದು ಬಣ್ಣದ ಪೆಟ್ಟಿಗೆ ಹಿಂದಕ್ಕೆ ಸರಿಯುತ್ತಿತ್ತು.

"ಅಜ್ಜಿ ಹೋದ್ಲು. ಬಿಡಿ ಪಪ್ಪಾ, ಯಲ್ಲಾ, ಬೇಗ!"

ಮತ್ತೆ ಒತ್ತುತ್ತಿದ್ದೆ. ಅವಳು ಚಪ್ಪಾಳೆ ಹೊಡೆಯುತ್ತಿದ್ದಳು. ಹಿಂದಿನ ಸೀಟಿನಿಂದ ಹೆಂಡತಿ, "ಅಜ್ಜಿ ನೋಡಿದ್ರೆ ಮಾತ್ರ ಒಳ್ಳೆಯವರಾ ನೀವು? ನಾನು ಇಲ್ಲಿ ಕೂತದ್ದು ಲೆಕ್ಕಕ್ಕಿಲ್ವಾ?" ಎನ್ನುತ್ತಿದ್ದಳು.

"ನೀನು ಫೋಟೊ ತೆಗೆಯುವುದಿಲ್ಲವಲ್ಲ ಮಾರಾಯ್ತಿ."

ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಮಾರುಕಟ್ಟೆಯಲ್ಲಿ ಅಂಜಲ್ ಮೀನಿನ ಕಿವಿರು ಎತ್ತಿ ನೋಡುವುದು, ಮಲಯಾಳಿ ವ್ಯಾಪಾರಿಯ ಹತ್ತಿರ ಅರೆ ಮಲಯಾಳ ಅರೆ ತುಳುವಿನಲ್ಲಿ ಜಗಳ, ಮೀನು ಕೊಯ್ಯಿಸಿಕೊಳ್ಳಲು ಸಾಲಿನಲ್ಲಿ ನಿಲ್ಲುವುದು, ಆಮೇಲೆ ಕಾಗದದ ಲೋಟದಲ್ಲಿ ಖಡಕ್ ಚಹಾ. ನನ್ನ ಬದುಕಿನಲ್ಲಿ ಅಷ್ಟು ಸುಖದ ಬೆಳಗುಗಳು ಬೇರೆ ಇಲ್ಲ. ಅದೇ ಬೆಳಗುಗಳಲ್ಲಿ ನಾನು ಮಗಳಿಗೆ ಏನು ಕಲಿಸುತ್ತಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ಹದಿನೆಂಟು ತುಂಬಿದ ಕೂಡಲೇ ಅವಳು ಡ್ರೈವಿಂಗ್ ಕ್ಲಾಸಿಗೆ ಸೇರಿದಳು. ಎರಡನೇ ಟೆಸ್ಟಿನಲ್ಲಿ ಪಾಸಾದಳು. ಅಲ್ಲಿ ಅವಳಿಗೆ ಸರಿಯಾಗಿಯೇ ಕಲಿಸಿದ್ದರು. ಲೇನ್ ಬದಲಿಸುವಾಗ ಕನ್ನಡಿ ನೋಡಿ, ಆಮೇಲೆ ಕತ್ತು ತಿರುಗಿಸಿ ಹೆಗಲಿನಾಚೆಯೂ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, "ಅದೆಲ್ಲ ಟೆಸ್ಟಿಗೆ. ರಸ್ತೆ ನಾನು ಕಲಿಸ್ತೇನೆ" ಎಂದೆ.

ಅದು ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ. ನಮ್ಮ ಮನೆಯಿಂದ ಜೆಬೆಲ್ ಅಲಿ ಕಡೆಗೆ ಹೋಗುವ ಒಂದು ಅಗಲವಾದ ರಸ್ತೆ. ಅದರಲ್ಲಿ ಎರಡು ಕ್ಯಾಮರಾಗಳು, ನಡುವೆ ಉದ್ದಕ್ಕೆ ನೇರ ದಾರಿ. ಮಗಳು ಓಡಿಸುತ್ತಿದ್ದಳು. ಮೊದಲ ಕ್ಯಾಮರಾ ದಾಟಿದ ಮೇಲೂ ಅವಳು ವೇಗ ಹೆಚ್ಚಿಸಲಿಲ್ಲ. ಹಿಂದಿನಿಂದ ಯಾರೋ ಲೈಟು ಮಿನುಗಿಸಿದರು. ನನಗೆ ಅವಮಾನವಾಯಿತು.

"ಅಜ್ಜಿ ಹೋದ್ಲಲ್ಲ ಮಗಾ. ಇನ್ನು ಬಿಡು," ಎಂದೆ.

ಅವಳು ಬಿಟ್ಟಳು. ಮುಳ್ಳು ಮೇಲೇರಿತು.

ರಸ್ತೆ ಮಧ್ಯದ ಪಟ್ಟಿಯಲ್ಲಿ ಹೂಗಿಡ ನೆಡುವ ಕೆಲಸ ನಡೆದಿತ್ತು. ನಮ್ಮ ಬದಿಯ ಅಂಚಿನಲ್ಲಿ ನಿಲ್ಲಿಸಿದ್ದ ಪಿಕಪ್ಪಿನಿಂದ ಒಬ್ಬ ಕೆಲಸಗಾರ ಸಸಿಗಳ ಟ್ರೇ ಹೊತ್ತುಕೊಂಡು ರಸ್ತೆ ದಾಟುತ್ತಿದ್ದ. ನಾವು ಬರುವುದನ್ನು ಅವನು ನೋಡಿದ್ದ. ಅಷ್ಟು ದೂರದಲ್ಲಿರುವ ಕಾರು ಬರುವಷ್ಟರಲ್ಲಿ ದಾಟಬಹುದು ಎಂದು ಅವನ ಲೆಕ್ಕ. ಬೋರ್ಡಿನಲ್ಲಿ ಬರೆದ ವೇಗದಲ್ಲಿ ನಾವು ಬಂದಿದ್ದರೆ ಆ ಲೆಕ್ಕ ತಪ್ಪುತ್ತಿರಲಿಲ್ಲ. ಮಗಳು ಬ್ರೇಕು ತುಳಿದಳು. ಕಾರು ನಿಂತಾಗ ಗಾಜಿನ ಮೇಲೆಲ್ಲ ಒದ್ದೆ ಮಣ್ಣು, ನೇರಳೆ ಹೂ.

ಅವನು ಬದುಕಿದ. ಬಲಗಾಲು ಮೊಣಕಾಲಿನ ಹತ್ತಿರ ಜಜ್ಜಿಹೋಗಿತ್ತು.

ಪೊಲೀಸ್ ಅಧಿಕಾರಿ ತಾಳ್ಮೆಯ ಮನುಷ್ಯ. ನಾವಿಬ್ಬರೂ ಠಾಣೆಯಲ್ಲಿ ಅವನ ಮೇಜಿನ ಮುಂದೆ ಕೂತಿದ್ದೆವು. ಅವನು ನನ್ನ ಕಡೆ ತಿರುಗಿ, ನೀನು ಪಕ್ಕದಲ್ಲೇ ಇದ್ದೆಯಲ್ಲ, ವೇಗದ ಬಗ್ಗೆ ಏನಾದರೂ ಹೇಳಿದೆಯಾ ಎಂದು ಕೇಳಿದ. ನನ್ನ ಲೈಸೆನ್ಸ್ ಕಣ್ಣ ಮುಂದೆ ಬಂತು. ಅದು ಹೋದರೆ ಕೆಲಸ, ಕೆಲಸ ಹೋದರೆ ವೀಸಾ. ಬಾಯಿ ತಾನಾಗಿ ತೆರೆಯಿತು.

"ನಿಧಾನ ಹೋಗು ಎಂದು ಹೇಳುತ್ತಲೇ ಇದ್ದೆ ಸಾರ್. ಹೊಸ ಹುಡುಗಿ, ಕೇಳಲಿಲ್ಲ."

ಮಗಳು ನನ್ನನ್ನು ನೋಡಿದಳು. ಕೋಪ ಇರಲಿಲ್ಲ. ಗುರುತು ಹಚ್ಚಲು ಪ್ರಯತ್ನಿಸುವಂತೆ ನೋಡಿದಳು. ಆಮೇಲೆ ಅಧಿಕಾರಿಗೆ, "ಯೆಸ್ ಸರ್. ಮೈ ಮಿಸ್ಟೇಕ್" ಎಂದಳು.

ಕೋರ್ಟು ಅವಳಿಗೆ ಶಿಕ್ಷೆಯೆಂದು ದಂಡ ಹಾಕಿ, ಲೈಸೆನ್ಸನ್ನು ಕೆಲವು ತಿಂಗಳು ತಡೆಹಿಡಿಯಿತು. ಅದು ವಾಪಸ್ಸು ಬಂದ ಮೇಲೂ ಅವಳು ಕೀಲಿ ಮುಟ್ಟಲಿಲ್ಲ. ಶುಕ್ರವಾರದ ಮೀನೂ ನಿಂತಿತು.

ಆಸ್ಪತ್ರೆಗೆ ನಾನೂ ಮಗಳೂ ಹೋಗುತ್ತಿದ್ದೆವು. ಆ ಕೆಲಸಗಾರ ತೆಲಂಗಾಣದ ಕಡೆಯವನು, ನನ್ನದೇ ಪ್ರಾಯ. ಮೊದಲ ದಿನ ನಾವು ಯಾರೆಂದು ಗೊತ್ತಾದಾಗ ಅವನು ಹಿಂದಿಯಲ್ಲಿ ಕೇಳಿದ್ದು, "ಬೇಟಿಗೆ ಪೆಟ್ಟಾಯ್ತಾ?" ಎಂದು. ಮಗಳು ಹೊರಗೆ ಹೋಗಿ ಅತ್ತಳು. ಊರಿಗೆ ಮರಳುವ ಮುಂಚೆ ಅವನು ಊರುಗೋಲು ಹಿಡಿದು ನಿಂತು ತೋರಿಸಿದ. "ನಿಲ್ಲಬಹುದು, ನಡೆಯಬಹುದು. ಕುಕ್ಕರುಗಾಲಿನಲ್ಲಿ ಕೂರಲು ಆಗುವುದಿಲ್ಲ. ಕೂರದೆ ಗಿಡ ನೆಡುವುದು ಹೇಗೆ?" ಎಂದ. ದೂರು ಹೇಳುವ ದನಿಯಲ್ಲ. ಉತ್ತರ ಗೊತ್ತಿದ್ದರೆ ಹೇಳು ಎನ್ನುವ ಹಾಗೆ. ಅವನಿಗೂ ನಾನು ನಿಜ ಹೇಳಲಿಲ್ಲ.

ಸುಮಾರು ಒಂದು ವರ್ಷದ ಮೇಲೆ ಸಂಘದ ಕಾರ್ಯದರ್ಶಿಯ ಫೋನು ಬಂತು. ಅಲ್ ಬರ್ಷಾದ ಒಂದು ಕಟ್ಟಡದ ಹಾಲಿನಲ್ಲಿ ಹದಿಹರೆಯದ ಮಕ್ಕಳಿಗೆ ರಸ್ತೆ ಸುರಕ್ಷತೆಯ ಬಗ್ಗೆ ಮಾತು ಇಟ್ಟಿದ್ದರು.

"ನೀವೇ ಬರಬೇಕು ಮಾರ್ರೆ. ದಂಡ ಇಲ್ಲದ ಮನುಷ್ಯ. ಮತ್ತೆ ನಿಮ್ಮ ಮಗಳದ್ದು ಎಲ್ಲರಿಗೂ ಗೊತ್ತುಂಟಲ್ಲ. ತಂದೆ ಹೇಳಿದರೂ ಕೇಳದಿದ್ರೆ ಎಂತಾಗ್ತದೆ ಅಂತ ನೀವು ಹೇಳಿದ್ರೆ ಮಕ್ಕಳಿಗೆ ನಾಟ್ತದೆ."

ಫೋನಿನ ಸ್ಪೀಕರ್ ಹಾಕಿತ್ತು. ಹೆಂಡತಿ ಸೌಟು ಕೆಳಗಿಟ್ಟಳು. "ಹೋಗಿ, ಹೋಗಿ. ಮಗಳನ್ನು ಊರಿಗೆಲ್ಲ ತೋರಿಸಿ ಬನ್ನಿ," ಎಂದಳು. ಅವಳಿಗೂ ನಾನು ಠಾಣೆಯಲ್ಲಿ ಹೇಳಿದ್ದೇ ಗೊತ್ತು. ಮಗಳು ಪುಸ್ತಕದಿಂದ ತಲೆಯೆತ್ತದೆ, "ನಾನೂ ಬರ್ತೇನೆ" ಎಂದಳು.

ಹಾಲಿನಲ್ಲಿ ಮೂವತ್ತು ಮಕ್ಕಳಿರಬಹುದು. ಅರ್ಧ ಜನರ ಕಣ್ಣು ಮೊಬೈಲಿನಲ್ಲಿ, ಉಳಿದವರದ್ದು ಹಿಂದಿನ ಮೇಜಿನ ಸಮೋಸದ ಮೇಲೆ. ಮಗಳು ತಾಯಿಯ ಪಕ್ಕ ಕೊನೆಯ ಸಾಲಿನಲ್ಲಿ ಕೂತಿದ್ದಳು. ನಾನು ಸೀಟ್ ಬೆಲ್ಟಿನಿಂದ ಶುರುಮಾಡಿದೆ. ಫೋನ್ ನೋಡಬಾರದು ಎಂದೆ. ಮುಂದಿನ ಸಾಲಿನ ಒಬ್ಬಳು ಹುಡುಗಿ ಕೈ ಎತ್ತಿದಳು.

"ಅಂಕಲ್, ಟ್ವೆಂಟಿಟೂ ಇಯರ್ಸ್ ನೋ ಫೈನ್? ಹೌ? ನನ್ನ ಡ್ಯಾಡಿಗೆ ಎವ್ರಿ ಮಂತ್ ಬರ್ತದೆ."

ಎಲ್ಲರೂ ನಕ್ಕರು. ಅವಳ ತಂದೆಯೂ ನಕ್ಕರು. "ಹೇಳಿ ಹೇಳಿ, ಟ್ರಿಕ್ ಹೇಳಿ," ಎಂದ ಕಾರ್ಯದರ್ಶಿ.

ನಾನು ಕೊನೆಯ ಸಾಲಿನ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳಲು ಆಗುತ್ತಿರಲಿಲ್ಲವೇನೋ. ಅಜ್ಜಿಯ ಆಟ ಹೇಳಿದೆ. ಹತ್ತು ವರ್ಷದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೋಡುವವರಿಲ್ಲದ ಕಡೆ ಏನು ಮಾಡಿದರೂ ನಡೆಯುತ್ತದೆ ಎಂದು ವಾರವಾರ ಕಲಿಸಿದ್ದು ಹೇಳಿದೆ. "ಆ ದಿನ ನನ್ನ ಮಗಳು ನಿಧಾನವಾಗಿಯೇ ಹೋಗುತ್ತಿದ್ದಳು. ಬಿಡು ಎಂದದ್ದು ನಾನು. ಪೊಲೀಸರ ಮುಂದೆ ಸುಳ್ಳು ಹೇಳಿದ್ದೂ ನಾನು. ಇಷ್ಟು ದಿನ ನೀವೆಲ್ಲ ಕೇಳಿದ್ದು ಆ ಸುಳ್ಳನ್ನು." ಕಾಲು ಮಡಚಲಾಗದ ಆ ಮನುಷ್ಯನ ಪ್ರಶ್ನೆಯನ್ನೂ ಹೇಳಿ ಕೂತೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಮೋಸ ತಿನ್ನುವಾಗ ಒಬ್ಬರು, "ಮಕ್ಕಳೆದುರು ಇದೆಲ್ಲ ಬೇಕಿತ್ತಾ?" ಎಂದರು. ಕಾರ್ಯದರ್ಶಿ ಮತ್ತೆ ನನ್ನನ್ನು ಕರೆಯಲಿಲ್ಲ.

ಮನೆಗೆ ಮೆಟ್ರೊದಲ್ಲಿ ಬಂದೆವು. ಹೆಂಡತಿ ನನ್ನಿಂದ ದೂರ, ಹೆಂಗಸರ ಬೋಗಿಯಲ್ಲಿ ಕೂತಳು. ಮಗಳು ನನ್ನ ಹತ್ತಿರ ಕಂಬ ಹಿಡಿದು ನಿಂತಿದ್ದಳು. ಮೂರು ನಿಲ್ದಾಣ ದಾಟಿದ ಮೇಲೆ, "ಪಪ್ಪಾ, ನೀವು ಒಂದು ಬಿಟ್ರಿ" ಎಂದಳು.

"ಎಂತ?"

"ಸ್ಪೀಡ್ ಹೋಗುವಾಗ ನಂಗೆ ಖುಷಿಯಾಗಿತ್ತು. ನೀವು ಹೇಳಿದ್ರಿ ಅಂತ ಮಾತ್ರ ಅಲ್ಲ."

"ಅದು ನನಗೆ ಹೇಗೆ ಗೊತ್ತಾಗಬೇಕು? ನೀನೇ ಹೇಳಬೇಕು ಅದನ್ನು."

"ಹೂಂ," ಎಂದಳು. ಒಂದು ವರ್ಷದಲ್ಲಿ ನಾವು ಅಷ್ಟು ಮಾತಾಡಿದ್ದು ಅದೇ ಮೊದಲು.

ಆ ವಾರ ತೆಲಂಗಾಣಕ್ಕೆ ಫೋನು ಮಾಡಿ ಅವನಿಗೂ ಹೇಳಿದೆ. ಅವನ ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು. ಕೊನೆಗೆ, "ಬೇಟಿ ಈಗ ಗಾಡಿ ಓಡಿಸುತ್ತಾಳಾ?" ಎಂದು ಕೇಳಿದ. ಇಲ್ಲ ಎಂದೆ. "ಓಡಿಸಲಿ. ನೋಡಿಕೊಂಡು ಓಡಿಸಲಿ," ಎಂದು ಫೋನಿಟ್ಟ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅವನ ಮಾತನ್ನು ಮಗಳಿಗೆ ಮುಟ್ಟಿಸಿದೆ. ಎರಡು ಮೂರು ಶುಕ್ರವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಐಸ್ ಪೆಟ್ಟಿಗೆಯನ್ನು ಅವಳೇ ತೊಳೆದು ಬಾಗಿಲಲ್ಲಿಟ್ಟಳು. "ಕೀ ಕೊಡಿ," ಎಂದಳು.

ಹೆದ್ದಾರಿಯ ಬಲಗಡೆಯ, ನಿಧಾನ ಹೋಗುವವರ ಲೇನಿನಲ್ಲಿ ಹೋದೆವು. ಪಿಕಪ್ಪುಗಳು, ನೀರಿನ ಟ್ಯಾಂಕರುಗಳು ಕೂಡ ನಮ್ಮನ್ನು ಹಿಂದೆ ಹಾಕಿದವು. ಹೆಂಡತಿ ಎಂದಿನಂತೆ ಹಿಂದಿನ ಸೀಟಿನಲ್ಲಿ. ಅಬುಧಾಬಿ ದಾರಿಯ ಗಂತೂತ್ ಹತ್ತಿರ ದೂರದಲ್ಲಿ ಬೂದು ಪೆಟ್ಟಿಗೆ ಕಂಡಿತು. ಇಷ್ಟು ವರ್ಷದ ಅಭ್ಯಾಸ, ತಡೆಯುವ ಮೊದಲೇ ಬಾಯಿಂದ ಬಿತ್ತು.

"ಅಜ್ಜಿ ಬಂದ್ಲು."

ಮುಳ್ಳು ಇದ್ದಲ್ಲೇ ಇತ್ತು.

"ಬರ್ಲಿ ಪಪ್ಪಾ," ಎಂದಳು ಮಗಳು, ರಸ್ತೆಯಿಂದ ಕಣ್ಣು ತೆಗೆಯದೆ. "ನೋಡ್ಲಿ."